ಗಾಳಿ ಫ್ಯಾನು ಮೋಡವನ್ನು ಓಡಿಸುತ್ತದೆಯೇ?

ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪವನ ವಿದ್ಯುತ್ತಿನ ಬಗ್ಗೆ ಮಾತನಾಡಿದಾಗಲೆಲ್ಲ ಮಕ್ಕಳಿಂದ ಬರುವ ಪ್ರಶ್ನೆ ಇದು: "ಸರ್, ಗುಡ್ಡದ ಮೇಲಿನ ಫ್ಯಾನುಗಳು ಮೋಡ ಓಡಿಸುವುದರಿಂದಲೇ ನಮ್ಮಲ್ಲಿ ಮಳೆ ಕಡಿಮೆಯಂತೆ, ನಿಜವೇ?" ಮನೆಯ ಹಿರಿಯರಿಂದ ಕೇಳಿದ ಮಾತನ್ನು ಪರೀಕ್ಷಿಸಿ ನೋಡಬೇಕೆಂಬ ಈ ಆಸೆ ಬೆಲೆಯುಳ್ಳದ್ದು, ಆದ್ದರಿಂದ ಉತ್ತರವನ್ನೂ ವಿವರವಾಗಿಯೇ ಕೊಡಬೇಕು.

ಮನೆಯ ಫ್ಯಾನು ವಿದ್ಯುತ್ತನ್ನು ಬಳಸಿ ಗಾಳಿ ಬೀಸುತ್ತದೆ. ಗುಡ್ಡದ ಮೇಲಿನ ಯಂತ್ರ ಬೀಸುವ ಗಾಳಿಯ ಶಕ್ತಿಯನ್ನು ಪಡೆದು ವಿದ್ಯುತ್ತನ್ನು ಕೊಡುತ್ತದೆ. ಆದ್ದರಿಂದ ರೆಕ್ಕೆಗಳನ್ನು ದಾಟಿದ ಗಾಳಿಯ ವೇಗ ತಗ್ಗುತ್ತದೆಯೇ ಹೊರತು ಹೆಚ್ಚುವುದಿಲ್ಲ. 80 ಮೀಟರ್ ಎತ್ತರದ ಗೋಪುರಕ್ಕೆ 40 ಮೀಟರ್ ಉದ್ದದ ರೆಕ್ಕೆ ಜೋಡಿಸಿದರೆ ಅದರ ತುದಿ ನೆಲದಿಂದ 120 ಮೀಟರ್ ಮೇಲೆ ತಲುಪುತ್ತದೆ, ಆದರೆ ಜೋರು ಮಳೆ ಸುರಿಸುವ ಗುಡುಗಿನ ಮೋಡದ ಮೈ ಹಲವು ಕಿಲೋಮೀಟರ್ ಎತ್ತರಕ್ಕೆ ಬೆಳೆದಿರುತ್ತದೆ.

ಆದರೂ ಹಿರಿಯರು ಕಣ್ಣಾರೆ ಕಂಡದ್ದು ಸುಳ್ಳಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಗಾಳಿ ರಭಸದಿಂದ ಬೀಸುವಾಗ ಮೋಡಗಳು ನಿಲ್ಲದೆ ಪೂರ್ವಕ್ಕೆ ಸಾಗುತ್ತವೆ, ರೆಕ್ಕೆಗಳೂ ಬಿಡುವಿಲ್ಲದೆ ತಿರುಗುತ್ತವೆ. ಅಕ್ಟೋಬರ್ ಹೊತ್ತಿಗೆ ಗಾಳಿ ಇಳಿದು ಅನೇಕ ಯಂತ್ರಗಳು ಸುಮ್ಮನೆ ನಿಂತಿರುವಾಗಲೇ ಹಿಂಗಾರಿನ ಗುಡುಗು ಮಳೆ ಬರುತ್ತದೆ. ಇದನ್ನು ವರ್ಷ ವರ್ಷವೂ ನೋಡುವ ರೈತರಿಗೆ ಎರಡರ ನಡುವೆ ನಂಟಿದೆ ಎನ್ನಿಸುವುದು ಸಹಜ. ನಂಟೂ ಇದೆ: ಮೋಡ ಓಡುವುದಕ್ಕೂ ರೆಕ್ಕೆ ತಿರುಗುವುದಕ್ಕೂ ಬೀಸುವ ಗಾಳಿಯೇ ಕಾರಣ.

ಮಳೆಯ ಕೊರತೆಗೆ ಮುಖ್ಯ ಕಾರಣ ಪಶ್ಚಿಮ ಘಟ್ಟ. ಅರಬ್ಬಿ ಸಮುದ್ರದ ತೇವ ತುಂಬಿದ ಗಾಳಿ ಘಟ್ಟವೇರುವಾಗ ತಣಿದು ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಸುತ್ತದೆ, ಈಚೆಗೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಸಿಗುವುದು 500ರ ಆಸುಪಾಸು ಮಾತ್ರ. ಗಾಳಿಯಂತ್ರಗಳು ಬರುವುದಕ್ಕೆ ಬಹಳ ಮೊದಲೇ, 1933ರಲ್ಲಿ ಭರ್ತಿಯಾಗಿದ್ದ ಇಲ್ಲಿನ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ ಜಿಲ್ಲೆಯ ಗುಡ್ಡಗಳ ಮೇಲೆ ಸಾಲು ಸಾಲು ಯಂತ್ರಗಳಿದ್ದಾಗ. ಒಂದು ವರ್ಷದ ಮಳೆಯಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ ನಿಜ, ಆದರೆ ಯಂತ್ರಗಳನ್ನು ದೂರುವ ಮುನ್ನ ಆ ವರ್ಷವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಂತ್ರಗಳಿಂದ ಸುತ್ತಲಿನ ವಾತಾವರಣಕ್ಕೆ ಏನೂ ಆಗುವುದಿಲ್ಲವೆಂದು ನಾನು ಹೇಳುವುದಿಲ್ಲ. ರಾತ್ರಿ ಹೊತ್ತು ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಬೆರೆತು ನೆಲದ ಹತ್ತಿರ ತುಸು ಬಿಸಿ ಹೆಚ್ಚಬಹುದು. ಆಸಕ್ತಿಯುಳ್ಳ ವಿದ್ಯಾರ್ಥಿಗಳು ಫ್ಯಾನುಗಳಿರುವ ಮತ್ತು ಇಲ್ಲದ ಅಕ್ಕಪಕ್ಕದ ಹೋಬಳಿಗಳ ಮಳೆ ಮಾಪನದ ಅಂಕಿಗಳನ್ನು, ಯಂತ್ರ ಬರುವ ಮೊದಲಿನ ಮತ್ತು ಅನಂತರದ ವರ್ಷಗಳಿಗೆ ಬೇರೆ ಬೇರೆಯಾಗಿ ಬರೆದು, ಹೋಲಿಸಿ ನೋಡಲಿ.