ಪಾರ್ಕಿನ ನಕ್ಷೆಗೆ ಮೊದಲು ಒಂದು ಮಳೆಗಾಲ

ಪೇಟೆ ನಡುವೆ ಪಾಳುಬಿದ್ದ ಹಸಿರು ಜಾಗವೊಂದನ್ನು ಪಾರ್ಕ್ ಮಾಡೋಣ ಎಂದು ತೀರ್ಮಾನವಾದ ಕೂಡಲೇ ಚರ್ಚೆಗೆ ಬರುವುದು ಗೇಟಿನ ವಿನ್ಯಾಸ, ಆಮೇಲೆ ಕಾರಂಜಿ, ಆಮೇಲೆ ಸೆಲ್ಫಿ ಪಾಯಿಂಟ್. ಮಂಗಳೂರಿನಲ್ಲಿ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ: ಜುಲೈಯಲ್ಲಿ ಈ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುವ ಊರು ಇದು. ಜನವರಿ ಬಿಸಿಲಲ್ಲಿ ಸರ್ವೆ ಮಾಡಿ ಬರೆದ ನಕ್ಷೆಗೆ ಈ ವಿಷಯ ಗೊತ್ತಿರುವುದಿಲ್ಲ.

ಒಂದು ಎಕರೆ, ಅಂದರೆ 100 ಸೆಂಟ್ಸ್ ಜಾಗವನ್ನೇ ಲೆಕ್ಕಕ್ಕೆ ಹಿಡಿಯೋಣ. ಸುಮಾರು 4,047 ಚದರ ಮೀಟರ್. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಗಂಟೆಗೆ 40 ಮಿ.ಮೀ. ಮಳೆ ನಮ್ಮಲ್ಲಿ ಅಪರೂಪದ್ದೇನೂ ಅಲ್ಲ; ಅಷ್ಟಕ್ಕೇ ಆ ಜಾಗದ ಮೇಲೆ ಗಂಟೆಯಲ್ಲಿ 1.6 ಲಕ್ಷ ಲೀಟರ್ ಬೀಳುತ್ತದೆ. ಮರ, ಪೊದೆ, ಸಡಿಲ ಮಣ್ಣು ಇರುವಾಗ ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಹೊರಗೆ ಹರಿಯುತ್ತದೆ, ಸೆಕೆಂಡಿಗೆ 13ರಿಂದ 15 ಲೀಟರ್. ಅದೇ ಜಾಗಕ್ಕೆ ಇಂಟರ್‌ಲಾಕ್, ಕಾಂಕ್ರೀಟ್ ಹಾಸಿದರೆ ಸೆಕೆಂಡಿಗೆ 40 ಲೀಟರ್. ಪಕ್ಕದ ಚರಂಡಿಯಾಗಲಿ ಅದರ ಮುಂದಿನ ತೋಡಾಗಲಿ ಅಷ್ಟರಲ್ಲಿ ಅಗಲವಾಗಿರುವುದಿಲ್ಲ. ಉದ್ಘಾಟನೆಯಾದ ಮೊದಲ ಮಳೆಗಾಲದಲ್ಲೇ ಕೆಳಗಿನ ಜಂಕ್ಷನ್‌ನಲ್ಲಿ ನೀರು ನಿಂತಿತೆಂದರೆ ಕಾರಣವನ್ನು ಆಗಸದಲ್ಲಿ ಹುಡುಕಬೇಕಿಲ್ಲ.

ಹಾಗಾಗಿ ಮೊದಲ ಕೆಲಸ ಜೂನ್–ಜುಲೈಯಲ್ಲಿ, ಕೊಡೆ ಹಿಡಿದು. ಸುಣ್ಣದ ಗೆರೆ ನಿಲ್ಲುವುದಿಲ್ಲ. ತುದಿಗೆ ಪೈಂಟ್ ಬಳಿದ ಬಿದಿರಿನ ಗೂಟ ಬೇಕು. ಜೋರು ಮಳೆಯ ನಡುವೆ ನೀರು ಒಳಬರುವ ಜಾಗಕ್ಕೆ ನೀಲಿ, ಹೊರಹೋಗುವ ಜಾಗಕ್ಕೆ ಕೆಂಪು, ಮಳೆ ಬಿಟ್ಟು ಒಂದು ದಿನವಾದರೂ ನೀರು ನಿಂತಿರುವ ಜಾಗಕ್ಕೆ ಬಿಳಿ. ಬಿಳಿ ಗೂಟದ ಜಾಗದಲ್ಲಿ ದಾರಿ, ಬೆಂಚು, ದೀಪದ ಕಂಬ ಯಾವುದೂ ಬೇಡ. ಊರಿನ ಹೆಸರುಗಳೂ ಅರ್ಧ ಸರ್ವೆ ಮಾಡಿ ಕೊಟ್ಟಿವೆ. ಬಾವುಟಗುಡ್ಡೆಯಂಥ ಎತ್ತರದಲ್ಲಿ ಮೇಲೆ ಗಟ್ಟಿ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಪದರ. ನೀರು ಇಂಗುವುದಕ್ಕಿಂತ ಜಾರಿ ಹೋಗುವುದೇ ಹೆಚ್ಚು. ಕೊಡಿಯಾಲ್‌ಬೈಲ್‌ನಂಥ ‘ಬೈಲಿ’ನಲ್ಲಿ, ಅಂದರೆ ತಗ್ಗಿನ ಗದ್ದೆ ಬಯಲಿನಲ್ಲಿ, ಜಾಗ ಸಿಕ್ಕಿದರೆ ಮಳೆಗಾಲದಲ್ಲಿ ಅಂತರ್ಜಲ ಕಾಲಡಿಯಲ್ಲೇ ಇರುತ್ತದೆ, ಅಲ್ಲಿ ಇಂಗುಗುಂಡಿ ತೋಡುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ.

ಇಂಗುಗುಂಡಿ ಎಂದರೆ ಒಳ್ಳೆಯದೇ ಎಂದು ಎಲ್ಲ ಕಡೆ ತೋಡುವ ಹುಮ್ಮಸ್ಸು ಈಗ ಜೋರಾಗಿದೆ. ಮುರಕಲ್ಲಿನ ಕೆಳಗೆ ನಮ್ಮಲ್ಲಿ ಹೆಚ್ಚಾಗಿ ಶೇಡಿ ಮಣ್ಣು ಇರುತ್ತದೆ: ಬಿಳಿ, ನಸುಗೆಂಪು, ಹಳದಿ ಬಣ್ಣದ ನುಣುಪು ಮಣ್ಣು. ಒಣಗಿದಾಗ ಗುದ್ದಲಿಗೂ ಬಗ್ಗದು, ನೀರು ಕುಡಿದರೆ ಗಂಜಿಯಂತೆ ಕುಸಿಯುತ್ತದೆ. ಗುಡ್ಡ ಕಡಿದ ಅಂಚಿನ ಮೇಲ್ಗಡೆ ಇಂಗುಗುಂಡಿ ಮಾಡುವುದೆಂದರೆ ಆ ಶೇಡಿಗೆ ಕೈಯಾರೆ ನೀರು ಕುಡಿಸುವುದು. ಕೆಳಗಿನ ತಡೆಗೋಡೆ ಒಂದು ರಾತ್ರಿ ಜರಿದೀತು. ಪರೀಕ್ಷೆ ಸುಲಭ. 30 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಕುಳಿ ತೋಡಿ, ನೀರು ತುಂಬಿಸಿ ಕೆಲವು ಗಂಟೆ ನೆನೆಯಲು ಬಿಡಬೇಕು. ಮತ್ತೆ ತುಂಬಿಸಿ ಮಟ್ಟ 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಬೇಕು ನೋಡಬೇಕು. ಹತ್ತು ಹದಿನೈದು ನಿಮಿಷವಾದರೆ ಇಂಗಿಸಬಹುದು. ಗಂಟೆ ದಾಟಿದರೆ ಗುಂಡಿಯ ಆಸೆ ಬಿಟ್ಟು, ಹುಲ್ಲು ಬೆಳೆಸಿದ ಅಗಲ ಕಣಿ ಮಾಡಿ ನೀರನ್ನು ನಿಧಾನವಾಗಿ ದಾಟಿಸುವುದೇ ಸರಿ. ನೂರು ಅಡಿಗೆ ಒಂದು ಅಡಿ ಇಳಿಜಾರು, ಆರು ಮೀಟರಿಗೊಂದು 15 ಸೆಂ.ಮೀ. ಎತ್ತರದ ಕೆಂಪುಕಲ್ಲಿನ ತಡೆ, ಕಲ್ಲುಗಳ ನಡುವೆ ಗಾರೆ ಇಲ್ಲ. ಪೈಪ್ ಹಾಕಬೇಡಿ; ಹಲಸಿನ ಎಲೆ, ಮಾವಿನ ಎಲೆ ಜಾಳಿಗೆಯನ್ನು ಒಂದೇ ಮಳೆಗೆ ಕಟ್ಟಿಹಾಕುತ್ತವೆ. ತೆರೆದ ಕಣಿಯಾದರೆ ಹಿಡಿಸೂಡಿ (ಕಡ್ಡಿ ಪೊರಕೆ) ಸಾಕು.

ಎರಡನೆಯ ತಪ್ಪು ಜೆಸಿಬಿ. ‘ಕ್ಲೀನ್ ಮಾಡಿಸೋಣ’ ಎಂದು ಒಂದು ದಿನಕ್ಕೆ ಕರೆಸಿದರೆ ಅದು ಪೊದೆಯ ಜೊತೆಗೆ ಮೇಲಿನ 15 ಸೆಂ.ಮೀ. ಕಪ್ಪು ಮಣ್ಣನ್ನೂ ಲಾರಿಗೆ ತುಂಬಿಸುತ್ತದೆ. ಮುರಕಲ್ಲಿನ ಮೇಲೆ ಅಷ್ಟು ಮಣ್ಣು ಕೂರಲು ಬಹಳ ಕಾಲ ಬೇಕು. ಆಮೇಲೆ ಅದೇ ಜಾಗಕ್ಕೆ ಲೋಡುಗಟ್ಟಲೆ ಕೆಂಪು ಮಣ್ಣು ದುಡ್ಡು ಕೊಟ್ಟು ತರಿಸುತ್ತೇವೆ. ಕಮ್ಯುನಿಸ್ಟ್ ಗಿಡವೆಂಬ ಕಳೆಯನ್ನು ಜುಲೈಯಲ್ಲಿ ನೆಲ ಹಸಿಯಿರುವಾಗ ಕೈಯಲ್ಲೇ ಕಿತ್ತರೆ ಬೇರುಸಹಿತ ಬರುತ್ತದೆ. ಡಿಸೆಂಬರಿನಲ್ಲಿ ಕತ್ತಿಯಲ್ಲಿ ಸವರಿದರೆ ಬೇರು ಮತ್ತೆ ಚಿಗುರುತ್ತದೆ, ಬೀಜ ಊರೆಲ್ಲ ಹಾರುತ್ತದೆ.

ಇನ್ನು ಮರಗಳು. ಇಂಥ ಜಾಗದ ನಿಜವಾದ ಆಸ್ತಿ ಅವು, ಹೆಚ್ಚಿನ ಹಾನಿಯಾಗುವುದೂ ಅವಕ್ಕೇ. ಪ್ರತಿ ಮರಕ್ಕೂ ನಂಬರ್ ಹಾಕಿ, ಎದೆಮಟ್ಟದಲ್ಲಿ, ಅಂದರೆ 1.37 ಮೀಟರ್ ಎತ್ತರದಲ್ಲಿ, ಸುತ್ತಳತೆ ತೆಗೆಯಬೇಕು. 190 ಸೆಂ.ಮೀ. ಸುತ್ತಳತೆಯ ಮಾವಿನ ಮರವೆಂದರೆ ಕಾಂಡದ ಅಡ್ಡಗಲ ಸುಮಾರು 60 ಸೆಂ.ಮೀ.; ಅದರ ಹನ್ನೆರಡು ಪಟ್ಟು, ಅಂದರೆ ಬುಡದಿಂದ 7.2 ಮೀಟರ್ ಸುತ್ತ ಬೇರಿನ ವಲಯ. ಅಲ್ಲಿ ಅಗೆತ ಇಲ್ಲ, ಮಣ್ಣು ಏರಿಸುವುದಿಲ್ಲ, ಜಲ್ಲಿ ಲೋಡ್ ಇಳಿಸುವುದೂ ಇಲ್ಲ. ಮರಕ್ಕೆ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಅರ್ಧ ಮೀಟರಿನಲ್ಲೇ ಹರಡಿರುತ್ತವೆ.

ಕಟ್ಟೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಶ್ವತ್ಥಕಟ್ಟೆ ನೋಡಿ ಬೆಳೆದ ಕಣ್ಣಿಗೆ ಮರ ಕಂಡರೆ ಕಟ್ಟೆ ಕಟ್ಟುವ ಆಸೆ ಸಹಜ. ಅಶ್ವತ್ಥ, ಆಲ, ಗೋಳಿ ಹುಗಿದ ಕಾಂಡದಿಂದಲೂ ಹೊಸ ಬೇರು ಬಿಡುವ ಜಾತಿ. ಕಟ್ಟೆಯೊಳಗೆ ಮಣ್ಣು ತುಂಬಿದರೂ ತಾಳಿಕೊಳ್ಳುತ್ತವೆ. ಮಾವು, ರೆಂಜೆ (ಬಕುಲ), ಹಲಸು ಹಾಗಲ್ಲ. ಬುಡಕ್ಕೆ ಎರಡು ಅಡಿ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ, ಬೇರಿಗೆ ಗಾಳಿ ತಪ್ಪುತ್ತದೆ. ಮರ ಆ ವರ್ಷವೇ ಸಾಯುವುದಿಲ್ಲ. ನಾಲ್ಕೈದು ವರ್ಷ ಕಳೆದು ತುದಿ ಒಣಗಲು ಶುರುವಾದಾಗ ‘ವಯಸ್ಸಾಯ್ತು’ ಎಂದು ಕಡಿಯುತ್ತಾರೆ. ಕಟ್ಟೆಯ ಮೇಲೆ ಸಂಶಯವೇ ಬರುವುದಿಲ್ಲ. ಕೂರಲು ಕಟ್ಟೆ ಬೇಕೇ ಬೇಕೆಂದರೆ ಅಡಿಪಾಯದ ಕಣಿ ತೆಗೆಯದೆ, ಬೇರು ತಪ್ಪಿಸಿ ಅಲ್ಲಲ್ಲಿ ಸಣ್ಣ ಕಲ್ಲಿನ ಕಾಲುಗಳನ್ನಿಟ್ಟು ಮೇಲೆ ಚಪ್ಪಡಿ ಕೂರಿಸಿ. ಒಳಗಿನ ನೆಲ ಇದ್ದ ಮಟ್ಟದಲ್ಲೇ ಇರಲಿ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದ್ದು ಇದೇ ಕಾರಣಕ್ಕೆ. ನಮ್ಮ ದೃಷ್ಟಿಯಲ್ಲಿ ಒಂದು ಮೀಟರ್ ಬಹಳ ಕಡಿಮೆ.

ಅಪಾಯದ ಕೊಂಬೆಗಳನ್ನು ತೆಗೆಯುವುದು ಏಪ್ರಿಲ್–ಮೇಯಲ್ಲಿ, ಮೂರು ಕೊಯ್ತದಲ್ಲಿ. ಕಾಂಡದಿಂದ ಒಂದು ಅಡಿ ದೂರದಲ್ಲಿ ಕೆಳಗಿನಿಂದ ಕೊಂಬೆಯ ಮೂರನೇ ಒಂದು ಭಾಗದಷ್ಟು ಕೊಯ್ಯುವುದು. ಅದರಿಂದ ಎರಡು ಇಂಚು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸುವುದು. ಉಳಿದ ಮೋಟನ್ನು ಬುಡದಲ್ಲಿ ಉಬ್ಬಿಕೊಂಡಿರುವ ಉಂಗುರದ ಹೊರಗೆ ತೆಗೆಯುವುದು. ಕೆಳಗಿನ ಕೊಯ್ತ ತಪ್ಪಿಸಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಮಾರುದ್ದ ಸೀಳಿಕೊಂಡು ಹೋಗುತ್ತದೆ. ಪೊಟರೆಗೆ ಸಿಮೆಂಟ್ ತುಂಬಬೇಡಿ, ನೀರು ಒಳಗೇ ನಿಂತು ಕೊಳೆ ಹೆಚ್ಚುತ್ತದೆ. ಅಕೇಶಿಯಾ ಇದ್ದರೆ ಅದರ ಕೊಂಬೆಯೂ ಬೇರೂ ಮಳೆಗಾಲದ ಗಾಳಿಗೆ ನಂಬಿಕಸ್ಥವಲ್ಲ. ಆದರೂ ಒಮ್ಮೆಲೇ ಕಡಿದು ಜಾಗ ಬೋಳಿಸದೆ ಮೂರು ವರ್ಷದಲ್ಲಿ ಪಾಲು ಪಾಲಾಗಿ ತೆಗೆಯಿರಿ. ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟು ಬೇರೆ ಯಾವ ಮರ ತೆಗೆಯುವುದಿದ್ದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಮೊದಲು. ಅದರ ಜೊತೆಗೇ ಪಹಣಿ, ಸರ್ವೆ ಸ್ಕೆಚ್ ತೆಗೆಸಿ ಗಡಿ ಗುರುತಿಸಿಬಿಡಿ. ಜಾಗವನ್ನು 1985ರ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯ ಪಟ್ಟಿಗೆ ಸೇರಿಸಿದರೆ ನಾಳೆ ಅಲ್ಲೊಂದು ವಾಣಿಜ್ಯ ಸಂಕೀರ್ಣ ಏಳುವುದು ಅಷ್ಟು ಸುಲಭವಲ್ಲ.

ಹೊಸ ಗಿಡ ನೆಡುವುದಕ್ಕೆ ನಮ್ಮಲ್ಲಿ ಒಂದೇ ಮುಹೂರ್ತ: ಜೂನಿನ ಮೊದಲ ಮಳೆಗಳು. ಆದರೆ ಸರಕಾರಿ ಬಿಲ್ಲಿನ ಮುಹೂರ್ತ ಮಾರ್ಚ್ 31. ಅದಕ್ಕಾಗಿ ಫೆಬ್ರವರಿಯಲ್ಲಿ ಗಿಡ ನೆಟ್ಟು, ಫೋಟೊ ತೆಗೆದು, ಮೇ ಹೊತ್ತಿಗೆ ಕಡ್ಡಿ ಎಣಿಸುವುದು ರೂಢಿ. ಟೆಂಡರಿನಲ್ಲಿ ಗಿಡದ ಭಾಗವನ್ನೇ ಬೇರೆ ಮಾಡಿ, ನೆಟ್ಟಾಗ ಅರ್ಧ, ಎರಡು ಬೇಸಿಗೆ ದಾಟಿ ಬದುಕಿದ ಗಿಡಗಳನ್ನು ಎಣಿಸಿ ಉಳಿದರ್ಧ ಕೊಡುವುದು ಸರಿಯಾದ ದಾರಿ. ಹೊಂಡ 90 ಸೆಂ.ಮೀ. ಉದ್ದ, ಅಗಲ, ಆಳ. ಮುರಕಲ್ಲಿನಲ್ಲಿ ಕಡಿದ ಹೊಂಡ ನೀರಿನ ತೊಟ್ಟಿಯಾಗುತ್ತದೆ, ಬೇರು ಅದರಲ್ಲೇ ಕೊಳೆಯುತ್ತದೆ. ನೀರು ತುಂಬಿಸಿ ಒಂದು ದಿನ ಬಿಟ್ಟರೂ ಇಳಿಯದಿದ್ದರೆ ತಳವನ್ನು ಹಾರೆಯಲ್ಲಿ ಒಡೆಯಬೇಕು, ಇಲ್ಲವೇ ತಗ್ಗಿನ ಬದಿಗೆ ಒಂದು ಸೀಳು ಕಡಿದು ಬಿಡಬೇಕು. ಲಕೋಟೆಯ (ಪ್ಲಾಸ್ಟಿಕ್ ಚೀಲದ) ಗಿಡದ ಬೇರು ಸುರುಳಿ ಸುತ್ತಿದ್ದರೆ ಬ್ಲೇಡಿನಲ್ಲಿ ಮೂರು ಕಡೆ ಉದ್ದಕ್ಕೆ ಗೀರಿ ಬಿಡಿಸಿ. ಬುಡಕ್ಕೆ ನಾಲ್ಕು ಇಂಚು ತರಗೆಲೆ ಹಾಕಿ. ಕಾಂಡಕ್ಕೆ ಮಾತ್ರ ತಾಗಬಾರದು, ಗೆದ್ದಲು ಬರುತ್ತದೆ.

ಯಾವ ಮರ? ಕಡಲ ಗಾಳಿಗೆ ಜಗ್ಗದ ಸುರಹೊನ್ನೆ, ದಟ್ಟ ನೆರಳಿಗೆ ರೆಂಜೆ, ಹೂವಿಗೆ ಹೊಳೆದಾಸವಾಳ. ನೇರಳೆ ಇರಲಿ, ದಾರಿಯಿಂದ ದೂರ. ಹಣ್ಣು ಉದುರಿದರೆ ನೆಲವೆಲ್ಲ ನೀಲಿ, ಮೇಲೆ ಜಾರಿಕೆ. ಹಲಸಿನ ಕೆಳಗೆ, ತೆಂಗಿನ ಕೆಳಗೆ ಬೆಂಚು ಇಡುವುದು ಬೇಡವೆಂದು ಹೇಳಬೇಕಾಗಿಯೇ ಇಲ್ಲ, ಆದರೂ ಇಡುತ್ತಾರೆ. ಹಾಳೆ ಮರ, ತುಳುವಿನ ಪಾಲೆ, ನೆಡುವುದಾದರೆ ಎರಡು ಮೂರು ಒಟ್ಟಿಗೆ ನೆಡಿ. ಆಟಿ ಅಮಾವಾಸ್ಯೆಯ ಬೆಳಗ್ಗೆ ಕಷಾಯದ ಕೆತ್ತೆಗೆ, ಅಂದರೆ ತೊಗಟೆಗೆ, ಊರಿಡೀ ಒಂದೇ ಮರಕ್ಕೆ ಬಂದರೆ ಅದು ಉಳಿಯುವುದಿಲ್ಲ.

ಮರದ ನೆರಳಿನಲ್ಲಿ ಲಾನ್ ಬೆಳೆಯುವುದಿಲ್ಲ. ಬಿಸಿಲಿದ್ದ ಕಡೆ ಬೆಳೆದರೂ ನೀರು ಕೇಳುತ್ತದೆ: ಹತ್ತು ಸೆಂಟ್ಸ್ ಲಾನಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 2,000 ಲೀಟರ್. ಏಪ್ರಿಲ್–ಮೇಯಲ್ಲಿ ಇಡೀ ನಗರ ಕುಡಿಯುವ ನೀರಿಗಾಗಿ ತುಂಬೆ ಅಣೆಕಟ್ಟಿನ ಮಟ್ಟ ನೋಡುತ್ತಿರುವಾಗ ಹುಲ್ಲಿಗೆ ಅಷ್ಟು ನೀರು ಬಿಡುವ ಧೈರ್ಯ ಯಾರಿಗಿದೆ? ಹಳೆ ಬಾವಿ ಇದ್ದರೆ ಹೂಳೆತ್ತಿಸಿ, ಕಬ್ಬಿಣದ ಬಲೆ ಹೊದಿಸಿ ಬಳಸಿ, ಮುಚ್ಚಬೇಡಿ. ನೆರಳಿಗೆ ಕೇಪಳ, ಜರಿಗಿಡ, ಕೆಸು, ತೇವವಿದ್ದಲ್ಲಿ ಒಂದೆಲಗ, ತುಳುವಿನ ತಿಮರೆ. ತಿಮರೆ ಚಟ್ನಿಗೆಂದು ಯಾರಾದರೂ ಕೊಯ್ದರೆ ಕೊಯ್ಯಲಿ, ಅದೂ ಪಾರ್ಕಿನ ಉಪಯೋಗವೇ. ಕಾರಂಜಿಯ ಬಗ್ಗೆ ನಮ್ಮ ಅಭಿಪ್ರಾಯ ನೇರ: ಬೇಡ. ಪಂಪ್ ಕೆಟ್ಟ ಮೇಲೆ ಉಳಿಯುವುದು ನಿಂತ ಶುದ್ಧ ನೀರು. ಮಲೇರಿಯಾ ಹರಡುವ ನಗರದ ಅನಾಫಿಲಿಸ್ ಸೊಳ್ಳೆಗೆ ಬೇಕಾದದ್ದೂ ಅದೇ, ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಮಲೇರಿಯಾ ಕಂಡ ಈ ಊರಿಗೆ ಬಿಡಿಸಿ ಹೇಳಬೇಕಿಲ್ಲ.

ದಾರಿಗೆ ಬರೋಣ. ಈಗಾಗಲೇ ಜನ ಅಡ್ಡ ಹಾಯ್ದು ಸವೆಸಿದ ಕಾಲುದಾರಿ ಇದ್ದರೆ ಅದನ್ನೇ ಮುಖ್ಯ ದಾರಿ ಮಾಡಿ, ಅದರ ಎರಡೂ ತುದಿಗೆ ಗೇಟು ಇಡಿ. ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕ್ ಬಸ್‌ ನಿಲ್ದಾಣಕ್ಕೆ ಹೋಗುವವರು ನಿಮ್ಮ ಅಲಂಕಾರದ ಗೇಟನ್ನು ಹುಡುಕಿಕೊಂಡು ಸುತ್ತು ಬರುವುದಿಲ್ಲ. ಆಳೆತ್ತರದ ಕಂಪೌಂಡ್ ಗೋಡೆಯೇ ಇಂಥ ಜಾಗ ಪಾಳುಬೀಳಲು ದೊಡ್ಡ ಕಾರಣ: ಒಳಗೆ ಏನು ನಡೆಯುತ್ತಿದೆ ಎಂದು ಹೊರಗೆ ಕಾಣದ ಕಡೆಗೆ ಹೆಂಗಸರು, ಮಕ್ಕಳು ಕಾಲಿಡುವುದಿಲ್ಲ. 45 ಸೆಂ.ಮೀ. ಕೆಂಪುಕಲ್ಲಿನ ಗೋಡೆ, ಮೇಲೆ ಸರಳು, ಒಟ್ಟು ಎತ್ತರ 1.2 ಮೀಟರ್ ಸಾಕು. ಮುಖ್ಯ ದಾರಿ 2.4 ಮೀಟರ್ ಅಗಲ, ಅಡ್ಡಕ್ಕೆ ಐವತ್ತಕ್ಕೆ ಒಂದು ಓರೆ. ರಾಂಪ್ ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಬಾರದು, ಒಂಬತ್ತು ಮೀಟರಿಗೊಮ್ಮೆ ಒಂದೂವರೆ ಮೀಟರಿನ ಸಮತಟ್ಟು ಬೇಕು. ಮೇಲ್ಮೈಯ ದೊಡ್ಡ ಶತ್ರು ಪಾಚಿ, ನಮ್ಮ ಕಡೆಯ ಹಾವಸೆ. ನುಣುಪು ಟೈಲ್ಸ್, ಪಾಲಿಶ್ ಗ್ರಾನೈಟ್ ಬೇಡವೇ ಬೇಡ. ಉಳಿಯಲ್ಲಿ ಹೊಡೆದ ಒರಟು ಕಲ್ಲು ಇರಲಿ. ಬೇರಿನ ವಲಯದಲ್ಲಿ ಅಗೆಯದೆ, ನೆಲದ ಮೇಲೆಯೇ 10 ಸೆಂ.ಮೀ. ಜಲ್ಲಿ ಹರಡಿ, ಎರಡು ಬೆರಳು ಸಂದು ಬಿಟ್ಟು ದಪ್ಪ ಚಪ್ಪಡಿ ಜೋಡಿಸಿ. ಹಾವಸೆಗೆ ಬ್ಲೀಚಿಂಗ್ ಪೌಡರ್ ಸುರಿದರೆ ಅದು ಮಳೆಯೊಂದಿಗೆ ಬೇರಿಗೆ ಇಳಿಯುತ್ತದೆ. ಗಟ್ಟಿ ಹಿಡಿಸೂಡಿಯೇ ವಾಸಿ.

ಮಳೆಗೆ ಓಡಿ ನಿಲ್ಲಲು ಒಂದು ಸೂರು ಬೇಕು. 1865ರಿಂದ ಹಂಚು ಮಾಡಿದ ಊರಿನಲ್ಲಿ ಪಾಲಿಕಾರ್ಬೊನೇಟ್ ಶೀಟ್ ಹಾಕಿಸುವುದು ನಮಗಂತೂ ಒಪ್ಪುವುದಿಲ್ಲ. 30 ಚದರ ಮೀಟರ್ ಮಾಡಿಗೆ 450 ಮಂಗಳೂರು ಹಂಚು, ಒಡೆದು ಹೋಗುವುದಕ್ಕೆ 40 ಹೆಚ್ಚು. ನೈಋತ್ಯದ ಇರಚಲಿಗೆ 90 ಸೆಂ.ಮೀ. ಚಾಚು, ಅಂಚಿನ ಎರಡು ಸಾಲು ಹಂಚಿಗೆ ತಂತಿ ಕಟ್ಟು. ಉಪ್ಪುಗಾಳಿಗೆ ಬರೀ ಪೈಂಟ್ ಬಳಿದ ಕಬ್ಬಿಣ ನಿಲ್ಲದು. ಕಂಬ, ಸರಳು ಎಲ್ಲ ಬಿಸಿ ಸತುವಿನಲ್ಲಿ ಅದ್ದಿದ್ದೇ ಆಗಬೇಕು. ದೀಪದ ಜಂಕ್ಷನ್ ಬಾಕ್ಸ್ ನೆಲದಿಂದ ಅರ್ಧ ಮೀಟರ್ ಮೇಲೆ, ಪ್ರತಿ ಲೈನಿಗೂ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಒದ್ದೆ ಕಂಬ ಮುಟ್ಟಿ ಮಗುವಿಗೆ ಶಾಕ್ ಹೊಡೆಯಬಾರದೆಂದರೆ ಇದರಲ್ಲಿ ಉಳಿತಾಯ ನೋಡಬಾರದು.

ಶೌಚಾಲಯವನ್ನು ಹಿಂದಿನ ಮೂಲೆಗೆ ತಳ್ಳುವುದು ಎಲ್ಲ ಕಡೆ ನಡೆಯುವ ತಪ್ಪು. ಮೂಲೆಯದ್ದು ಕತ್ತಲಾಗುತ್ತದೆ, ಕೆಡುತ್ತದೆ, ಆರು ತಿಂಗಳಲ್ಲಿ ಬೀಗ ಬೀಳುತ್ತದೆ. ಗೇಟಿನ ಪಕ್ಕ, ರಸ್ತೆಗೆ ಬಾಗಿಲು ಕಾಣುವಂತೆ ಕಟ್ಟಿ. ಹೆಂಗಸರಿಗೆ ಗಂಡಸರಿಗಿಂತ ಎರಡು ಹೆಚ್ಚು, ಗಾಲಿಕುರ್ಚಿ ತಿರುಗುವಷ್ಟು ದೊಡ್ಡದು ಒಂದು. ಅದಕ್ಕೆ ತಾಗಿಯೇ ಮಾಲಿಯ ಕೋಣೆ ಇರಲಿ: ಕಿಟಕಿ ಶೌಚಾಲಯದ ಬಾಗಿಲಿನ ಕಡೆಗೆ, ಒಳಗೆ ಉಪಕರಣ ಇಡಲು ಜಾಗ, ಊಟ ಮಾಡಲು ಒಂದು ಬೆಂಚು, ಒಂದು ಫ್ಯಾನ್. ಎಸ್ಟಿಮೇಟ್ ಕಡಿತದ ಮಾತು ಬಂದಾಗ ಮೊದಲು ಕೈಬಿಡುವುದು ಈ ಕೋಣೆಯನ್ನೇ. ಸೆಲ್ಫಿ ಪಾಯಿಂಟ್ ತೆಗೆದರೆ ಅದರ ಖರ್ಚು ಹೊಂದಿಕೊಳ್ಳುತ್ತದೆ.