ಅಂಕಫಲಕ ಬಿಡಿ, ಗಡಿಯಾರ ನೋಡಿ

ಪ್ರತಿ ವರ್ಷ ಸೆಪ್ಟೆಂಬರ್‌ನಿಂದ ಜನವರಿಯವರೆಗೆ ನನಗೆ ಬರುವ ಪ್ರಶ್ನೆ ಒಂದೇ. ಕೇಳುವವರು ಮಾತ್ರ ಬೇರೆ ಬೇರೆ. ಕನ್ನಡ ಕೂಟದ ಗೆಳೆಯರು, ಮಗಳ ಸಹಪಾಠಿಗಳ ತಂದೆತಾಯಿಯರು, ಊರಿನಿಂದ ಬಂದ ನೆಂಟರು. "ಅಷ್ಟೊಂದು ಮುಂದಿದ್ದರೂ ಅಂಕದ ಮೇಲೆ ಅಂಕ ಪೇರಿಸುತ್ತಾರಲ್ಲ, ಇದು ಯಾವ ಸೀಮೆಯ ಕ್ರೀಡಾ ಮನೋಭಾವ?"

ನಾನು ಒಹಾಯೊ ರಾಜ್ಯದಲ್ಲಿ ಹದಿನಾಲ್ಕು ವರ್ಷಗಳಿಂದ ಶಾಲಾ ಮಟ್ಟದ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿ. ಮೊದಲ ಎರಡು ವರ್ಷ ಮೈದಾನದ ಮೇಲಿನ ಗೂಡಿನಲ್ಲಿ ಕುಳಿತು ಗಡಿಯಾರ ನಡೆಸಿದವನು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಪಂದ್ಯಕ್ಕೆ ನಾನು ಸೀಟಿ ಊದಿಲ್ಲ. ಅಲ್ಲಿನ ತರಬೇತುದಾರರ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಅಧಿಕಾರವೂ ನನಗಿಲ್ಲ. ಆದರೆ ಗಡಿಯಾರದ ಲೆಕ್ಕ ನನಗೆ ಗೊತ್ತು, ಮತ್ತು ಈ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ. ಅದನ್ನು ಎಷ್ಟು ಸಲ ಹೇಳಿದರೂ ಜನ ಮತ್ತೆ ಅಂಕಫಲಕದ ಕಡೆಗೇ ಬೆರಳು ತೋರಿಸುತ್ತಾರೆ. ಅದಕ್ಕಾಗಿ ಈ ಬಾರಿ ಕುಳಿತು ಬರೆಯುತ್ತಿದ್ದೇನೆ.

2023ರ ಸೆಪ್ಟೆಂಬರ್ 24ರಂದು ಮಯಾಮಿ ಡಾಲ್ಫಿನ್ಸ್ ತಂಡ ಡೆನ್ವರ್ ಬ್ರಾಂಕೋಸ್ ತಂಡವನ್ನು 70-20ರಿಂದ ಸೋಲಿಸಿತು. ಆಗ ನನ್ನ ಮಾವನವರು ತುಮಕೂರಿನಿಂದ ಬಂದು ನಮ್ಮ ಮನೆಯಲ್ಲಿದ್ದರು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ಅನ್ಯಾಯ ಕಂಡರೆ ಸುಮ್ಮನಿರುವವರಲ್ಲ. ಸಂಜೆಯ ಕಾಫಿ ಹಿಡಿದು ಪಂದ್ಯದ ತುಣುಕುಗಳನ್ನು ನೋಡುತ್ತಿದ್ದವರು ಲೋಟವನ್ನು ಮೇಜಿನ ಮೇಲಿಟ್ಟು, "ಅಳಿಯಂದಿರೇ, ಬಿದ್ದವನನ್ನು ಇನ್ನೆಷ್ಟು ತುಳಿಯುವುದು? ಸಾಕು ಎನ್ನುವವರು ಒಬ್ಬರೂ ಇಲ್ಲವೇ?" ಎಂದರು.

"ಒಬ್ಬರು ಇದ್ದರು ಮಾವ, ಕೊನೆಯ ಅರ್ಧ ನಿಮಿಷ ನೋಡಿ" ಎಂದೆ. ಆ ಅರ್ಧ ನಿಮಿಷದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಗಡಿಯಾರ.

ಈ ಆಟ ಅರವತ್ತು ನಿಮಿಷದ್ದು, ಹದಿನೈದರ ನಾಲ್ಕು ಭಾಗ. ಚೆಂಡು ಹಿಡಿದವನು ಓಡಿ ಗೆರೆಯೊಳಗೇ ಬಿದ್ದರೆ ಗಡಿಯಾರ ನಿಲ್ಲುವುದಿಲ್ಲ. ಮುಂದಿನ ನಡೆ ಶುರುಮಾಡಲು ತಂಡಕ್ಕೆ 40 ಸೆಕೆಂಡುಗಳಿವೆ. ಬೇಕೆಂದೇ ನಿಧಾನಿಸಿದರೆ ಒಂದೊಂದು ಓಟಕ್ಕೂ ಮುಕ್ಕಾಲು ನಿಮಿಷ ಕರಗುತ್ತದೆ. ಅದೇ ಚೆಂಡನ್ನು ಎಸೆದು, ಅದು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ಅಲ್ಲಿಯೇ ನಿಲ್ಲುತ್ತದೆ. ತಂಡಕ್ಕೆ ಎಣಿಸಿದಷ್ಟೇ ಸಿಗುವ ಬಿಡುವನ್ನು, ಅಂದರೆ ಟೈಮ್‌ಔಟ್, ಕೇಳಿದರೂ ನಿಲ್ಲುತ್ತದೆ. ಅಂದರೆ ಪಂದ್ಯ ಬೇಗ ಮುಗಿಯಲಿ ಎನ್ನುವ ತಂಡ ಓಡುತ್ತದೆ, ಮಧ್ಯದಲ್ಲಿ ಬೀಳುತ್ತದೆ, ನಿಧಾನವಾಗಿ ಏಳುತ್ತದೆ. ಇನ್ನಷ್ಟು ಬೇಕು ಎನ್ನುವ ತಂಡ ದೂರಕ್ಕೆ ಎಸೆಯುತ್ತದೆ, ಸಮಯ ಉಳಿಸಿಕೊಳ್ಳುತ್ತದೆ.

ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ. ಗೆಲ್ಲುವ ತಂಡ ಓಡುತ್ತಿರುವಾಗ ಎದುರಾಳಿಗಳು ಹಿಡಿಯಲಾಗದೆ, ಚೆಂಡು ಹಿಡಿದವನು ಎಪ್ಪತ್ತು ಗಜ ಓಡಿ ಅವರ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿಬಿಟ್ಟರೆ, ಆ ಅಂಕ ಅವಮಾನವಲ್ಲ. ಆ ತಂಡ ಪಂದ್ಯ ಮುಗಿಸಲು ಹೊರಟಿತ್ತು, ಎದುರಿನವರು ತಡೆಯಲಿಲ್ಲ, ಅಷ್ಟೆ. ಅಂಕ ಎಷ್ಟಾಯಿತು ಎನ್ನುವುದು ಇಬ್ಬರೂ ಸೇರಿ ಮಾಡಿದ ಲೆಕ್ಕ. ಗಡಿಯಾರವನ್ನು ಏನು ಮಾಡಿದರು ಎನ್ನುವುದು ಗೆಲ್ಲುವವರ ಕೈಯಲ್ಲಿಯೇ ಇರುವ ಲೆಕ್ಕ. ಅವರ ನಡತೆಯನ್ನು ಅಳೆಯುವುದಾದರೆ ಅವರ ಕೈಯಲ್ಲಿರುವುದರಿಂದ ಅಳೆಯಬೇಕು.

"ಓಡಿದವನು ದಾರಿಯಲ್ಲಿ ತಾನೇ ನಿಲ್ಲಬಾರದೇ?" ಎಂದು ಕೇಳುವವರಿದ್ದಾರೆ. ಇಪ್ಪತ್ಮೂರು ವರ್ಷದ ಬದಲಿ ಆಟಗಾರನಿಗೆ ವರ್ಷಕ್ಕೆ ಹದಿನೈದು ಸಲ ಚೆಂಡು ಸಿಕ್ಕರೆ ಹೆಚ್ಚು. ಆ ಓಟದ ವಿಡಿಯೊ ನೋಡಿಯೇ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಅವನಿಗೆ ನಿಲ್ಲು ಎನ್ನುವ ಧೈರ್ಯ ನನಗಿಲ್ಲ. ಎಲ್ಲ ಮುಖ್ಯ ಆಟಗಾರರನ್ನೂ ಹೊರಗೆ ಕೂರಿಸಿ ಎನ್ನುವುದೂ ಲೆಕ್ಕಕ್ಕೆ ಕೂಡುವ ಮಾತಲ್ಲ. ತಂಡದಲ್ಲಿ 53 ಜನ, ಪಂದ್ಯದ ದಿನ ಆಡಲು ಅರ್ಹರಾದವರು 48. ಮುಂಚೂಣಿಯ ಸಾಲಿಗೆ ಐವರು ಬೇಕು, ಸಾಮಾನ್ಯವಾಗಿ ಎಂಟು ಜನ ಲಭ್ಯರಿರುತ್ತಾರೆ. ಐವರನ್ನೂ ತೆಗೆದರೆ ಇಬ್ಬರ ಜಾಗ ಖಾಲಿ ಉಳಿಯುತ್ತದೆ. ನೂರು ಹುಡುಗರಿರುವ ಕಾಲೇಜು ತಂಡವನ್ನು ನೋಡಿ ಬಂದವರು ಇದನ್ನು ಮರೆತು ಮಾತಾಡುತ್ತಾರೆ.

ಕ್ರಿಕೆಟ್‌ನ ಅಭ್ಯಾಸವೂ ನಮ್ಮವರ ದಾರಿ ತಪ್ಪಿಸುತ್ತದೆ. 2024ರ ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ 218 ರನ್ ಹೊಡೆದು, ಚೆನ್ನೈಯನ್ನು ಗೆದ್ದರಷ್ಟೇ ಸಾಲದು, 201 ಮುಟ್ಟದಂತೆ ತಡೆಯಬೇಕು ಎಂದು ನಾವೆಲ್ಲ ಉಗುರು ಕಚ್ಚುತ್ತ ಕುಳಿತಿದ್ದೆವಲ್ಲ, ಅಲ್ಲಿ ಅಂತರಕ್ಕೆ ಬೆಲೆಯಿತ್ತು. ಎನ್‌ಎಫ್‌ಎಲ್‌ನಲ್ಲಿ ಇಬ್ಬರು ಸಮನಾದಾಗ ಮೊದಲು ನೋಡುವುದು ಅವರವರ ನಡುವಿನ ಪಂದ್ಯ, ಗುಂಪಿನೊಳಗಿನ ಗೆಲುವು, ಇಬ್ಬರೂ ಎದುರಿಸಿದ ತಂಡಗಳ ವಿರುದ್ಧದ ಫಲಿತಾಂಶ ಮುಂತಾದವನ್ನು. ಅಂಕಗಳ ಅಂತರ ಬರುವುದು ಬಹಳ ಕೆಳಗೆ. ಒಮ್ಮೆ ಅಲ್ಲಿಯವರೆಗೂ ಹೋಗುವ ಹಾಗಾಗಿತ್ತು. 2000ದ ಜನವರಿ 2ರಂದು ಗ್ರೀನ್ ಬೇ ಮತ್ತು ಕ್ಯಾರೊಲೈನಾ ತಂಡಗಳು ಬೇರೆ ಬೇರೆ ಊರುಗಳಲ್ಲಿ ಒಂದೇ ಹೊತ್ತಿಗೆ ಆಡುತ್ತ, ಒಬ್ಬರ ಅಂತರವನ್ನು ಇನ್ನೊಬ್ಬರು ಮೀರಿಸಲು ಕೊನೆಯವರೆಗೂ ಅಂಕ ಪೇರಿಸಿದವು. ಒಂದು 49-24, ಇನ್ನೊಂದು 45-13. ಅದೇ ದಿನ ಆಮೇಲೆ ಡಲ್ಲಾಸ್ ಗೆದ್ದು ನಾಕ್‌ಔಟ್ ಹಂತದ ಆ ಜಾಗ ತೆಗೆದುಕೊಂಡಿತು, ಇಬ್ಬರೂ ಮನೆಗೆ ಹೋದರು. ಅಂಥ ದಿನ ಟೈಮ್‌ಔಟ್ ಕೇಳಿದವರನ್ನು ನಾನು ತಪ್ಪು ಎನ್ನುವುದಿಲ್ಲ.

ಇನ್ನು "ಅಷ್ಟು ಮುಂದಿದ್ದಾಗ" ಎನ್ನುತ್ತಾರಲ್ಲ, ಎಷ್ಟು ಮುಂದಿದ್ದರೆ ಸಾಕು? 1993ರ ಜನವರಿ 3ರಂದು ಹ್ಯೂಸ್ಟನ್ ಆಯಿಲರ್ಸ್ 35-3ರಿಂದ ಮುಂದಿದ್ದು ಬಫಲೊ ಬಿಲ್ಸ್‌ಗೆ ಸೋತಿತು. ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 2017ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ 28-3ರಿಂದ ಮುಂದಿದ್ದು 34-28ರಿಂದ ಸೋತಿತು. ಅಂದು ಅಟ್ಲಾಂಟಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ಆಟ ನಡೆಸುವವನು) ಆಗಿದ್ದ ಮ್ಯಾಟ್ ರಯಾನ್, 2022ರ ಡಿಸೆಂಬರ್‌ನಲ್ಲಿ ಇಂಡಿಯಾನಾಪೊಲಿಸ್ ಪರವಾಗಿ ಮಿನೆಸೋಟಾ ವಿರುದ್ಧ ಮಧ್ಯಂತರಕ್ಕೆ 33-0 ಮುಂದಿದ್ದರು. ಅದನ್ನೂ 39-36ರಿಂದ ಕಳೆದುಕೊಂಡರು. ಆ ಮನುಷ್ಯನ ಮುಖ ನೆನಪಾದರೆ ಈಗಲೂ ಸಂಕಟವಾಗುತ್ತದೆ. ಮೂರನೆಯ ಭಾಗದಲ್ಲಿಯೇ ಕೈ ಬಿಗಿಹಿಡಿಯಿರಿ ಎಂದು ಅವರಿಗೆ ಹೇಳಿ ನೋಡಿ. ನಾನಂತೂ ಕೊನೆಯ ಭಾಗದ ಕೊನೆಯ ಏಳೆಂಟು ನಿಮಿಷಕ್ಕಿಂತ ಮೊದಲು ಯಾರ ನಡತೆಯನ್ನೂ ತೂಗುವುದಿಲ್ಲ.

ಹಾಗಾದರೆ ತಪ್ಪು ಎನ್ನುವುದೇ ಇಲ್ಲವೇ? ಇದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಮಂಡಿಯೂರುವಂತೆ ನಟಿಸಿ ಆಡುವುದು.

ಇದಕ್ಕೊಂದು ಹಿನ್ನೆಲೆ ಇದೆ. ಚೆಂಡು ಹಿಡಿದವನು ಮಂಡಿಯೂರಿದರೆ ಆ ನಡೆ ಅಲ್ಲಿಗೆ ಮುಗಿಯುತ್ತದೆ, ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಹಿಂದೆ, ಗೆದ್ದ ತಂಡ ಚೆಂಡು ಹಿಡಿದು ಸುಮ್ಮನೆ ಮಂಡಿಯೂರಿ ಸಮಯ ಕಳೆಯುವುದನ್ನೇ ಅನೇಕರು ಮರ್ಯಾದೆಯಲ್ಲ ಎನ್ನುತ್ತಿದ್ದರು. 1978ರ ನವೆಂಬರ್ 19ರಂದು ನ್ಯೂಯಾರ್ಕ್ ಜೈಂಟ್ಸ್ 17-12ರಿಂದ ಮುಂದಿತ್ತು, ಉಳಿದದ್ದು ಕೆಲವೇ ಸೆಕೆಂಡು. ಮಂಡಿಯೂರಿದ್ದರೆ ಮುಗಿಯುತ್ತಿತ್ತು. ಬದಲಿಗೆ ಕ್ವಾರ್ಟರ್‌ಬ್ಯಾಕ್ ಜೋ ಪಿಸಾರ್ಚಿಕ್ ಚೆಂಡನ್ನು ಲ್ಯಾರಿ ಜೊಂಕಾಗೆ ದಾಟಿಸಲು ಹೋದರು. ಚೆಂಡು ಜಾರಿತು. ಫಿಲಡೆಲ್ಫಿಯಾದ ಹರ್ಮನ್ ಎಡ್ವರ್ಡ್ಸ್ ಅದನ್ನು ಬಾಚಿಕೊಂಡು ಓಡಿ ಟಚ್‌ಡೌನ್ ಮಾಡಿದರು, 19-17. ಆ ನಡೆ ಹೇಳಿಕೊಟ್ಟ ತರಬೇತುದಾರರ ಕೆಲಸ ಮರುದಿನವೇ ಹೋಯಿತು. ಅಲ್ಲಿಂದ ಮುಂದೆ ಮಂಡಿಯೂರುವುದು ಎಲ್ಲರ ಪದ್ಧತಿಯಾಯಿತು. ಎದುರಾಳಿಯ ಬಳಿ ಟೈಮ್‌ಔಟ್ ಇಲ್ಲದಿದ್ದರೆ ಮೂರು ಸಲ ಮಂಡಿಯೂರಿದರೆ ಸುಮಾರು ಎರಡು ನಿಮಿಷ ಹೋಗುತ್ತದೆ.

ಆ ಕ್ಷಣವನ್ನು ಹತ್ತಿರದಿಂದ ನೋಡಿದ್ದೇನೆ. ನೂರಿಪ್ಪತ್ತು ಕಿಲೊ ತೂಗುವವರು ಎದುರುಬದುರು ನಿಂತಿರುತ್ತಾರೆ. ಅಲ್ಲಿಯವರೆಗೆ ಬಿಗಿದಿದ್ದ ಭುಜಗಳು ಇಳಿಯುತ್ತವೆ, ಕೆಲವರು ಹೆಲ್ಮೆಟ್‌ನ ಪಟ್ಟಿ ಸಡಿಲಿಸುತ್ತಾರೆ, ಯಾರೋ ಎದುರಿನವನ ಕೈ ಮುಟ್ಟುತ್ತಾರೆ. "ಮಂಡಿ ಊರುತ್ತಿದ್ದಾರೆ, ಸುಮ್ಮನಿರಿ" ಎಂದು ನಾವೂ ಎರಡೂ ಕಡೆಯವರಿಗೆ ಹೇಳುತ್ತೇವೆ. ನಿಯಮಪುಸ್ತಕದ ಆಚೆ, ಒಬ್ಬರ ಮೊಣಕಾಲನ್ನು ಇನ್ನೊಬ್ಬರು ಕಾಯುವ ನಂಬಿಕೆ ಅದು.

2024ರ ಜನವರಿ 7ರಂದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮುರಿದದ್ದು ಅದನ್ನೇ. ಅಟ್ಲಾಂಟಾ ವಿರುದ್ಧ 41-17 ಮುಂದಿತ್ತು, ಚೆಂಡು ಕೊನೆಯ ಗೆರೆಗೆ ಒಂದೇ ಗಜ ದೂರದಲ್ಲಿತ್ತು. ಮಂಡಿಯೂರುವ ವ್ಯೂಹದಲ್ಲಿ ನಿಂತ ಜೇಮಿಸ್ ವಿನ್‌ಸ್ಟನ್ ಚೆಂಡನ್ನು ಜಮಾಲ್ ವಿಲಿಯಮ್ಸ್‌ಗೆ ಕೊಟ್ಟರು, ಅವರು ನುಗ್ಗಿ ಟಚ್‌ಡೌನ್ ಮಾಡಿದರು. ಹಿಂದಿನ ವರ್ಷ ಬೇರೆ ತಂಡದಲ್ಲಿ 17 ಟಚ್‌ಡೌನ್ ಮಾಡಿದ್ದ ವಿಲಿಯಮ್ಸ್‌ಗೆ ಆ ವರ್ಷ ಒಂದೂ ಸಿಕ್ಕಿರಲಿಲ್ಲ. ಗೆಳೆಯನಿಗೊಂದು ಸಿಗಲಿ ಎನ್ನುವ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಸಾಮಾನ್ಯ ವ್ಯೂಹದಲ್ಲಿ ನಿಂತು ಆಡಿದ್ದರೆ ಎದುರಿನವರು ತಡೆಯಲು ಸಿದ್ಧರಾಗಿರುತ್ತಿದ್ದರು. ಅಟ್ಲಾಂಟಾದ ತರಬೇತುದಾರ ಆರ್ಥರ್ ಸ್ಮಿತ್ ಮೈದಾನದಲ್ಲಿಯೇ ಕೂಗಾಡಿದರು. ಸೇಂಟ್ಸ್‌ನ ಡೆನ್ನಿಸ್ ಆಲೆನ್ ತಾನು ಮಂಡಿಯೂರಲು ಹೇಳಿದ್ದಾಗಿ ತಿಳಿಸಿ ಬಹಿರಂಗವಾಗಿ ಕ್ಷಮೆ ಕೇಳಿದರು. ನನ್ನ ಪರಿಚಯದವರು ಅಂದು ಕಳುಹಿಸಿದ ಸಂದೇಶಗಳಲ್ಲೆಲ್ಲ ಇದ್ದದ್ದು "48 ಅಂಕ!" ಎಂಬ ಉದ್ಗಾರ. ಅಂಕ ನಲವತ್ತೆಂಟಾದರೇನು, ಹದಿನೆಂಟಾದರೇನು? ಭುಜ ಇಳಿಸಿ ನಿಂತವನ ಮೇಲೆ ನುಗ್ಗಿದ್ದು ತಪ್ಪು.

ಕೊನೆಯ ಸೆಕೆಂಡುಗಳಲ್ಲಿ ಗಡಿಯಾರ ನಿಲ್ಲಿಸಿದ್ದಕ್ಕೆ 1966ರ ನವೆಂಬರ್ 27ರ ಪಂದ್ಯಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ. ವಾಷಿಂಗ್ಟನ್ ತಂಡ ಜೈಂಟ್ಸ್ ವಿರುದ್ಧ 69-41 ಮುಂದಿತ್ತು, ಉಳಿದದ್ದು 7 ಸೆಕೆಂಡು. ಆಗ ಟೈಮ್‌ಔಟ್ ತೆಗೆದುಕೊಂಡು, ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸುವ ಮೂರು ಅಂಕ) ಹೊಡೆದು 72 ಮಾಡಿದರು. ವಾಷಿಂಗ್ಟನ್‌ನ ಸ್ಯಾಮ್ ಹಫ್ ಎರಡು ವರ್ಷದ ಹಿಂದೆ ಜೈಂಟ್ಸ್ ತಂಡ ತನ್ನನ್ನು ಬೇರೆಡೆಗೆ ಸಾಗಹಾಕಿದ್ದನ್ನು ಮರೆತಿರಲಿಲ್ಲ. ಟೈಮ್‌ಔಟ್ ಕೇಳಿದ್ದು ತಾನೇ ಎಂದು ನಂತರ ಅವರೇ ಹೇಳಿಕೊಂಡರು. ಲೀಗ್ ಹಂತದ ಪಂದ್ಯಗಳಲ್ಲಿ ಒಂದು ತಂಡ ಗಳಿಸಿದ ಅತಿ ಹೆಚ್ಚು ಅಂಕ ಈಗಲೂ ಆ 72.

ಮಾವನವರಿಗೆ ನಾನು ತೋರಿಸಿದ ಅರ್ಧ ನಿಮಿಷದ ಬೆಲೆ ಇದರಿಂದ ತಿಳಿಯುತ್ತದೆ. ಮಯಾಮಿಯ ಬಳಿ 70 ಇತ್ತು, ಚೆಂಡು ಫೀಲ್ಡ್ ಗೋಲ್ ಹೊಡೆಯುವ ದೂರದಲ್ಲಿತ್ತು. ಹೊಡೆದಿದ್ದರೆ 73, ಐವತ್ತೇಳು ವರ್ಷದ ದಾಖಲೆ ಮುರಿಯುತ್ತಿತ್ತು. ತರಬೇತುದಾರ ಮೈಕ್ ಮೆಕ್‌ಡ್ಯಾನಿಯಲ್ ಮಂಡಿಯೂರಿಸಿದರು. ಅದೇ ಪಂದ್ಯದ ಕೊನೆಯ ಭಾಗದಲ್ಲಿ ಅವರ ಬದಲಿ ಕ್ವಾರ್ಟರ್‌ಬ್ಯಾಕ್ ಎಸೆದ 68 ಗಜದ ಟಚ್‌ಡೌನ್ ಪಾಸ್ ನನಗೆ ಇಷ್ಟವಾಗಲಿಲ್ಲ, ಅದನ್ನೂ ಹೇಳಬೇಕು. ಬದಲಿಯವನಿಗೂ ತನ್ನ ಕೈ ತೋರಿಸುವ ಅವಕಾಶ ಬೇಕು ಎಂದು ವಾದಿಸುವ ಸಹೋದ್ಯೋಗಿಗಳಿದ್ದಾರೆ. ಅವರ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ.

ಶಾಲೆಯ ಮಕ್ಕಳ ವಿಷಯ ಬೇರೆ. ನಮ್ಮ ಒಹಾಯೊದಲ್ಲಿ ಎರಡನೆಯ ಅರ್ಧದಲ್ಲಿ ಅಂತರ 30 ಮುಟ್ಟಿದರೆ ಗಡಿಯಾರ ಬಹುಮಟ್ಟಿಗೆ ನಿಲ್ಲದೆ ಓಡುತ್ತದೆ. ಬೇರೆ ರಾಜ್ಯಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಹದಿನೈದರ ಮಗುವನ್ನು ಕಾಯುವುದು ದೊಡ್ಡವರ ಹೊಣೆ. ಸಂಬಳಕ್ಕೆ ಆಡುವವರಿಗೆ ಆ ರಕ್ಷಣೆ ಬೇಕಿಲ್ಲ.

ಆದರೂ ಒಂದು ಶುಕ್ರವಾರ ರಾತ್ರಿ ನನ್ನ ಮನಸ್ಸಿನಿಂದ ಹೋಗಿಲ್ಲ. 41-0, ನಾಲ್ಕು ನಿಮಿಷ ಬಾಕಿ. ಮುಂದಿದ್ದ ತಂಡ ಮೂರನೆಯ ಸಾಲಿನ ಹುಡುಗರನ್ನು ಇಳಿಸಿತ್ತು. ಮಳೆ ಬಂದು ಮೈದಾನ ಕೆಸರಾಗಿದ್ದರೂ ಅವರಲ್ಲೊಬ್ಬ ಹುಡುಗನ ಅಂಗಿಯಲ್ಲಿ ಒಂದು ಕಲೆ ಇರಲಿಲ್ಲ. ಅಷ್ಟು ದಿನ ಬೆಂಚಿನಲ್ಲಿದ್ದವನು. ಚೆಂಡು ಕೊಟ್ಟರು, ಮಧ್ಯಕ್ಕೆ ನುಗ್ಗಿದ, ಯಾರೋ ಜಾರಿದರು, ಮುಂದೆ ದಾರಿ ತೆರೆದಿತ್ತು. ಅರವತ್ತು ಗಜ ಓಡಿದ. ಗೆರೆ ದಾಟಿ ಏನು ಮಾಡಬೇಕೆಂದು ತಿಳಿಯದೆ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಬಳಿ ಬಂದು, "ಸರ್, ಇದನ್ನು ನಿಮಗೆ ಕೊಡಬೇಕೇ?" ಎಂದು ಕೇಳಿದ. ಸೋತ ಕಡೆಯ ಒಬ್ಬ ತಂದೆ ಬೇಲಿಯ ಹತ್ತಿರ ಬಂದು ಇದಕ್ಕೆ ದಂಡ ಹಾಕುವುದಿಲ್ಲವೇ ಎಂದು ನನ್ನನ್ನು ಕೂಗಿ ಕೇಳಿದರು. ಅವರ ಮಗ ಅಂದು ರಾತ್ರಿಯಿಡೀ ಕೆಸರಿನಲ್ಲಿ ಬಿದ್ದು ಎದ್ದವನು, ಅವರ ನೋವು ಸುಳ್ಳಲ್ಲ. ನಾನು ಗಡಿಯಾರದತ್ತ ಕೈ ತೋರಿಸಿದೆ. ಅದು ಓಡುತ್ತಲೇ ಇತ್ತು, ಆ ತರಬೇತುದಾರ ಎರಡನೆಯ ಅರ್ಧದಲ್ಲಿ ಒಂದು ಪಾಸ್ ಕೂಡ ಎಸೆಸಿರಲಿಲ್ಲ. ಅವರು ಅಂಕಫಲಕದತ್ತ ಕೈ ತೋರಿಸಿದರು.

ಮುಂದಿನ ಭಾನುವಾರ ಯಾರಾದರೂ ಮೂವತ್ತು ಅಂಕ ಮುಂದಿದ್ದು ಐದು ನಿಮಿಷ ಉಳಿದಿದ್ದರೆ ಒಂದು ಕೆಲಸ ಮಾಡಿ. ಟಿವಿಯ ಮೂಲೆಯಲ್ಲಿ ಕಾಣುವ ಅಂಕವನ್ನು ಬೆರಳಿನಿಂದ ಮುಚ್ಚಿ, ಪಕ್ಕದ ಸಮಯ ಮಾತ್ರ ನೋಡಿ. ಚೆಂಡು ಎಸೆಯುತ್ತಿದ್ದಾರೋ ಓಡುತ್ತಿದ್ದಾರೋ, ನಲವತ್ತು ಸೆಕೆಂಡನ್ನು ಪೂರ್ತಿ ಬಳಸುತ್ತಿದ್ದಾರೋ ಇಲ್ಲವೋ, ಟೈಮ್‌ಔಟ್ ಕೇಳಿದವರು ಯಾರು ಎಂದು ಗಮನಿಸಿ. ಆಮೇಲೂ ತುಳಿದರು ಎನಿಸಿದರೆ ನನಗೆ ಫೋನ್ ಮಾಡಿ, ನಾನು ವಾದಿಸುವುದಿಲ್ಲ.