ನೆರಳಿನ ಮಡಿ: ಮೊದಲು ನೀರಿಗೆ ದಾರಿ ಮಾಡಿ

ಬೆಂಗಳೂರಿನ 30×40 ಸೈಟುಗಳಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಎರಡು ಮೂರು ಅಡಿ ಜಾಗ ಉಳಿದಿರುತ್ತದೆ. ಪಕ್ಕದವರು ಮೂರು ಮಹಡಿ ಎಬ್ಬಿಸಿದ ಮೇಲೆ ಅಲ್ಲಿ ಬಿಸಿಲೇ ಇಲ್ಲ. 'ಅಲ್ಲೇನೂ ಬರಲ್ಲ ಬಿಡಿ' ಅಂತ ಜನ ಹಳೇ ಸಾಮಾನು ತುಂಬುತ್ತಾರೆ. ನಾನು ನೋಡಿದ ಮಟ್ಟಿಗೆ ಅಲ್ಲಿ ಗಿಡ ಹೋಗುವುದು ಹೆಚ್ಚಾಗಿ ಬೇರು ಕೊಳೆತು. ನೆರಳಿನ ಮಣ್ಣು ನಿಧಾನವಾಗಿ ಒಣಗುತ್ತದೆ, ನಾವು ಮಾತ್ರ ದಿನಾ ನೀರು ಸುರಿಯುತ್ತೇವೆ. ನೆಲದಿಂದ ಎತ್ತರಿಸಿ ಮಣ್ಣು ತುಂಬಿದ ಮಡಿ ಬೇಕಾಗುವುದು ಇದಕ್ಕೇ, ಹೆಚ್ಚಾದ ನೀರು ಅಲ್ಲಿಂದ ಇಳಿದುಹೋಗುತ್ತದೆ.

ಇಷ್ಟು ಕಿರಿದಾದ ಕಡೆ ಇಟ್ಟಿಗೆ ಬೇಡ, ಅರ್ಧ ಅಗಲವನ್ನು ಅದೇ ತಿಂದುಬಿಡುತ್ತದೆ. ಒಂದೂವರೆ ಅಡಿಯ ಕಡಪ ಕಲ್ಲುಗಳನ್ನು ನಿಲ್ಲಿಸಿ, ಆರು ಇಂಚು ನೆಲದೊಳಗೆ ಹೂತು ಬಿಗಿ ಮಾಡಿ. ಮೇಲೆ ಒಂದು ಅಡಿ ಉಳಿಯುತ್ತದೆ, ಸಾಕು. ಮಡಿಯ ಅಗಲ ಒಂದೂವರೆ ಅಡಿ ದಾಟದಿರಲಿ, ಓಡಾಡಲೂ ಜಾಗ ಬೇಕಲ್ವಾ? ಗೋಡೆಗೆ ಮಣ್ಣು ತಾಗಿಸಬೇಡಿ, ತೇವ ಏರುತ್ತದೆ. ನೆಲಕ್ಕೆ ಕಾಂಕ್ರೀಟ್ ಹಾಕಿದ್ದರೆ ಬ್ಲಾಕು ಕಟ್ಟಿಸಿ, ಬುಡದಲ್ಲಿ ಅಡಿಗೊಂದು ತೂತು ಬಿಡಿಸಿ.

ತಳಕ್ಕೆ ಜಲ್ಲಿ ಹಾಕುವ ರೂಢಿ ಇದೆ. ಉಪಯೋಗವಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ, ಸುಮ್ನೆ ಮಣ್ಣಿನ ಜಾಗ ಕಮ್ಮಿಯಾಗುತ್ತದೆ. ಅದರ ಬದಲು ತಳದ ನೆಲವನ್ನು ಗುದ್ದಲಿಯಿಂದ ಸಡಿಲ ಮಾಡಿ. ಐದು ಬಕೆಟ್ ಕೆಮ್ಮಣ್ಣಿಗೆ ಮೂರು ಬಕೆಟ್ ಹಳೇ ಕಾಂಪೋಸ್ಟ್, ಎರಡು ಬಕೆಟ್ ದಪ್ಪ ಮರಳು ಬೆರೆಸಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಿಸಿಲಿನ ಕುಂಡಕ್ಕೆ ಸರಿ. ಇಲ್ಲಿ ಜಾಸ್ತಿಯಾದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ತೇವದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ, ಉಂಡೆಯನ್ನು ಬೆರಳಿನಿಂದ ತಿವಿಯಿರಿ. ಉದುರಿದರೆ ಸರಿ. ಬೆರಳಿನ ಗುರುತು ಮಾತ್ರ ಉಳಿದರೆ ಇನ್ನಷ್ಟು ಮರಳು ಬೇಕು.

ಮರದ ನೆರಳಾದರೆ ಬುಡಕ್ಕೆ ಮಣ್ಣು ಏರಿಸಲೇಬೇಡಿ, ತೊಗಟೆ ಕೊಳೆಯುತ್ತದೆ.

ಗಿಡಗಳ ಪೈಕಿ ನನ್ನ ಮೊದಲ ಆಯ್ಕೆ ಒಂದೆಲಗ. ಬೇಗ ಹಬ್ಬುತ್ತದೆ, ತಂಬುಳಿಗೂ ಆಗುತ್ತದೆ. ಅದರ ಹಿಂದಿನ ಸಾಲಿಗೆ ಪೀಸ್ ಲಿಲಿ, ಜರಿಗಿಡ, ಸಿಂಗೋನಿಯಂ. ಕ್ಯಾಲೇಡಿಯಂ ಚಳಿಗೆ ಎಲೆ ಉದುರಿಸಿ ಮಾಯವಾದರೆ ಗೆಡ್ಡೆ ಕಿತ್ತು ಎಸೆಯಬೇಡಿ, ಬೇಸಿಗೆಗೆ ಮತ್ತೆ ಚಿಗುರುತ್ತದೆ. ಮಳೆಗಾಲದಲ್ಲಿ ಬಸವನಹುಳು ಬರುವುದು ಖಚಿತ. ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದೇ ಒಳ್ಳೆಯದು. ನೀರು ಹಾಕುವ ಮುಂಚೆ ಬೆರಳನ್ನು ಎರಡು ಇಂಚು ಇಳಿಸಿ ನೋಡಿ. ತಂಪಿದ್ದರೆ ಅವತ್ತು ಪೈಪು ಮುಟ್ಟಬೇಡಿ.